ಕೋರಿ ರೊಟ್ಟಿಯ ಪಾಸ್ಖ

ಅಕ್ಕನ ಅತ್ತೆ ಮೊದಲ ಸಲ ಮಂಗಳೂರಿನಿಂದ ಕುವೈತಿಗೆ ಬಂದಾಗ ಅವರ ಪೆಟ್ಟಿಗೆಯಿಂದ ಎಲ್ಲಕ್ಕಿಂತ ಮೊದಲು ಹೊರಬಿದ್ದದ್ದು ಒಂದು ಹಳೆಯ ಜಾಮ್ ಬಾಟಲಿ. ಎರಡು ಪ್ಲಾಸ್ಟಿಕ್ ಚೀಲ, ಒಂದು ಟವೆಲು, ಅದರ ಮೇಲೊಂದು ಒಳಲಂಗ ಸುತ್ತಿ ತಂದಿದ್ದರು. ಜಪಸರ, ಪ್ರಾರ್ಥನೆಯ ಪುಸ್ತಕ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಅನಂತರ. ಬಾಟಲಿಯ ತುಂಬ ಬಾಫಾತ್ ಪುಡಿ: ಒಣಮೆಣಸು, ಕೊತ್ತಂಬರಿ, ಜೀರಿಗೆ, ಲವಂಗ, ಚಕ್ಕೆ ಎಲ್ಲ ಬಿಸಿಲಿಗೆ ಒಣಗಿಸಿ ಬೀಸಿದ, ನಮ್ಮ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಗಳ ಕೆಂಪು ಪುಡಿ. ಅದನ್ನು ಹಂದಿ ಮಾಂಸಕ್ಕೆ ಹಾಕುತ್ತಾರೆ ಎಂದು ನಾನು ಕೇಳಿದ್ದೆ. ಅಕ್ಕನ ಅತ್ತೆ ಅದನ್ನು ಅಕ್ಕ ಮಾಡಿದ ಎಲ್ಲದಕ್ಕೂ ಹಾಕಿದರು.

ದಾಲಿಗೆ ಹಾಕಿದರು. ಸಾಂಬಾರಿಗೆ, ಕ್ಯಾಬೇಜ್ ಪಲ್ಯಕ್ಕೆ, ಅವಲಕ್ಕಿಗೆ. ಬಾಯಿಬಿಟ್ಟು ಒಂದು ಮಾತು ಆಡುವವರಲ್ಲ. ಒಂದು ತುತ್ತು ತಿನ್ನುವುದು, ಎರಡು ಕ್ಷಣ ಗೋಡೆ ನೋಡುವುದು, ಬಾಟಲಿಯ ಮುಚ್ಚಳ ತಿರುಗಿಸುವುದು, ಚಮಚದ ತುದಿಯಿಂದ ಚಿಟಿಕೆ ಉದುರಿಸಿ ಕಲಸುವುದು, ಮತ್ತೆ ಒಂದು ತುತ್ತು. ಆಮೇಲೆ ಮೂರೇ ಪದ: "ಹಾಂ, ಈಗ ಸರಿ."

ಆ ಮೂರು ಪದ ಅಕ್ಕನನ್ನು ದಿನಕ್ಕೆ ಮೂರು ಹೊತ್ತು ಕೊಲ್ಲುತ್ತಿದ್ದವು. ನಾವು ತುಳುವಿನವರು, ಭಾವ ಕೊಂಕಣಿಯವರು. ಅವರಿಬ್ಬರ ಸಂಸಾರ ನಡೆಯುವುದು ಕನ್ನಡದಲ್ಲಿ. ಪ್ರೀತಿಸಿ, ರಿಜಿಸ್ಟರ್ ಮದುವೆಯಾದರು. ಆ ದಿನ ಅತ್ತೆ ಬಂದಿರಲಿಲ್ಲ. ನಾಲ್ಕು ವರ್ಷದ ನಂತರ, ವಿಸಿಟ್ ವೀಸಾದಲ್ಲಿ, ಈಸ್ಟರ್ ಹಬ್ಬಕ್ಕೆ ಸರಿಯಾಗಿ ಬಂದಿದ್ದರು. ಬಂದು ಎರಡು ವಾರವಾದ ಮೇಲೆ ಅಕ್ಕ ಪಾತ್ರೆ ತೊಳೆಯುತ್ತಾ ಸ್ಪಂಜಿನ ಕುತ್ತಿಗೆ ಹಿಸುಕಿ ನನ್ನ ಹತ್ತಿರ ಹೇಳಿದಳು:

"ಒಂದು ಸಲ, ಒಂದೇ ಒಂದು ಸಲ ಆ ಬಾಟ್ಲಿ ಮುಟ್ಟದೆ ನಾನು ಮಾಡಿದ್ದನ್ನು ಉಣ್ಲಿ ಮಾರಾಯ್ತಿ. ಮತ್ತೆ ನಂಗೆ ಬೇರೆಂತ ಬೇಡ."

ಕುವೈತಿನ ಹವಲ್ಲಿಯಲ್ಲಿ ಹಳೆಯ ಕಟ್ಟಡವೊಂದರ ಎರಡು ಕೋಣೆಯ ಮನೆಯಲ್ಲಿ ನಾನೂ ಇದ್ದೆ. ಶುವೈಖಿನಲ್ಲಿ ಕಾರಿನ ಬಿಡಿಭಾಗ ತರಿಸುವ ಕಂಪನಿಯೊಂದರಲ್ಲಿ ಕೆಲಸ, ಅಕ್ಕನ ಮನೆಯಲ್ಲಿ ಊಟ. ಅದಕ್ಕೆ ಮೊದಲು ಕಾಲೇಜಿನ ಐದು ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಜಾತಕ, ವಾಸ್ತು, ಮೀನು ತಿಂದು ಮೊಸರು ತಿನ್ನಬಾರದೆಂಬ ನಂಬಿಕೆ, ಯಾವುದರ ವಿರುದ್ಧವೂ ಸಮಯ ಮುಗಿಯಿತೆಂದು ಎರಡನೇ ಗಂಟೆ ಬಾರಿಸುವವರೆಗೆ ಮಾತಾಡಬಲ್ಲೆ. ಗಂಟೆ ಇಲ್ಲದ ಕಡೆ ನಿಲ್ಲಿಸುವುದು ಕಷ್ಟ. "ಈ ಮನೇಲಿ ಎಸಿಗೆ ಸ್ವಿಚ್ ಉಂಟು, ಲಾಯರಮ್ಮನಿಗೆ ಇಲ್ಲ" ಎಂದು ಭಾವ ಹೇಳುತ್ತಿದ್ದರು.

ಅಕ್ಕನ ಪರವಾಗಿ ವಾದಿಸಲು ನಾನು ಆರಿಸಿಕೊಂಡ ದಿನ ಶುಭ ಶುಕ್ರವಾರ. ಬೇರೆ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಸಿಗುವುದಿಲ್ಲ. ಇಲ್ಲಿ ಶುಕ್ರವಾರ ಹೇಗೂ ರಜೆ. ಈಸ್ಟರಿಗೆ ಮುಂಚಿನ ವ್ರತವೆಂದು ಅತ್ತೆ ನಲ್ವತ್ತು ದಿನದಿಂದ ಮೀನು ಮಾಂಸ ಮುಟ್ಟಿರಲಿಲ್ಲ. ಆ ದಿನವಂತೂ ಒಂದೇ ಹೊತ್ತು, ಅದೂ ಗಂಜಿ. ಗಂಜಿಯ ಬಟ್ಟಲಿನ ಪಕ್ಕದಲ್ಲಿ ಬಾಟಲಿ.

"ಆಂಟಿ, ಇವತ್ತು ಉಪವಾಸ ಅಲ್ವಾ? ಉಪವಾಸದ ಗಂಜಿಗೆ ಮಸಾಲೆ ಯಾಕೆ?"

"ಇದು ಮಸಾಲೆ ಅಲ್ಲ ಬಾಯೆ. ಪುಡಿ."

"ಪುಡಿ ಮಾಡಿದ ಮಸಾಲೆ."

"ರುಚಿಗೆ ಅಂತ ಹಾಕುದಲ್ಲ. ಅಭ್ಯಾಸ."

ನನಗೆ ಬೇಕಾದದ್ದು ಅದೇ. ಎದುರಾಳಿ ತಾನಾಗಿ ಕೊಟ್ಟ ಒಪ್ಪಿಗೆಯನ್ನು ಎತ್ತಿ ಹಿಡಿಯಬೇಕು ಎಂಬುದು ನಮಗೆ ಕಲಿಸಿದ ಮೊದಲ ಪಾಠ. "ನೋಡಿ, ನೀವೇ ಒಪ್ಪಿಕೊಂಡ್ರಿ. ರುಚಿ ಅಲ್ಲ, ಅಭ್ಯಾಸ! ಅಂದ್ರೆ ಪುಡಿ ಹಾಕಿದ್ರೂ ಹಾಕದಿದ್ರೂ ಅಕ್ಕನ ಅಡಿಗೆ ಒಂದೇ. ನಿಮ್ಮ ನಾಲಿಗೆಗೆ ಗೊತ್ತಾಗುದಿಲ್ಲ, ಕಣ್ಣಿಗೆ ಮಾತ್ರ ಗೊತ್ತಾಗುದು. ಬೇಕಾದ್ರೆ ಪರೀಕ್ಷೆ ಮಾಡುವ. ಕಣ್ಣಿಗೆ ಬಟ್ಟೆ ಕಟ್ತೇನೆ, ಎರಡು ಬಟ್ಟಲು ಇಡ್ತೇನೆ..."

ಅತ್ತೆ ಚಮಚ ಕೆಳಗಿಟ್ಟರು. "ಶುಭ ಶುಕ್ರವಾರ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿದ್ದು ಯಾರನ್ನು, ಗೊತ್ತುಂಟಾ ನಿಂಗೆ?"

ಯೇಸುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಹೊಡೆದು, ಹೊಡೆದದ್ದು ಯಾರು ಹೇಳು ಎಂದು ಕಾವಲುಗಾರರು ಅಣಕಿಸಿದ್ದನ್ನು ಅವರು ಹೇಳುತ್ತಿದ್ದರು. ಐದು ವರ್ಷದ ಅನುಭವದಲ್ಲಿ ಅಂಥ ಪ್ರತಿವಾದ ನಾನು ಎದುರಿಸಿರಲಿಲ್ಲ. ಭಾವ ಗಂಜಿಗೆ ಮುಖ ಇಳಿಸಿ ನಗು ನುಂಗಿದರು. ಅತ್ತೆ ಗೆದ್ದ ಉತ್ಸಾಹದಲ್ಲಿ ಮಗನ ಕಡೆ ತಿರುಗಿ ಹಬ್ಬದ ಮಾತು ತೆಗೆದರು:

"ನನಗೆ ಇಲ್ಲಿ ಫೆಸ್ತಿನ ಮನಸ್ಸೇ ಬರುದಿಲ್ಲ ಪುತಾ. ಹಂದಿ ಇಲ್ಲ, ಶೇಂದಿ ಇಲ್ಲ, ಶೇಂದಿ ಇಲ್ಲದೆ ಸಾನ್ನಾಂ ಇಲ್ಲ. ಆದಿತ್ಯವಾರ ಎಲ್ಲರಿಗೂ ಡ್ಯೂಟಿ! ಈಸ್ಟರ್ ದಿನ ಬೆಳಿಗ್ಗೆ ಏಳು ಗಂಟೆಗೆ ಆಫೀಸಿಗೆ ಹೋಗುವ ಕ್ರಿಶ್ಚಿಯನರನ್ನು ನಾನು ಎಲ್ಲೂ ನೋಡ್ಲಿಲ್ಲ."

ಅಕ್ಕನ ಮುಖ ನೋಡಿದೆ. ಅವಳು ಹಬ್ಬಕ್ಕೆಂದು ಒಂದು ಯೋಜನೆ ಹಾಕಿಟ್ಟಿದ್ದಳು. ಆದಿತ್ಯವಾರ ಸಂಜೆ ಎಲ್ಲರೂ ಕೆಲಸದಿಂದ ಬಂದ ಮೇಲೆ, ಅತ್ತೆಯ ನಲ್ವತ್ತು ದಿನದ ಪಥ್ಯ ಮುರಿಯುವ ಮೊದಲ ಮಾಂಸ ತನ್ನ ಕೈಯ ಕೋಳಿ ಗಸಿಯಾಗಿರಬೇಕು, ಅದರ ಜೊತೆಗೆ ಊರಿನಿಂದ ತಂದ ಕೋರಿ ರೊಟ್ಟಿ. ಕುಚ್ಚಲಕ್ಕಿ ಅರೆದು, ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು, ಗರಿಗರಿ ಒಣಗಿಸಿದ ಹಾಳೆ ಅದು. ಮುರಿದು ತಟ್ಟೆಗೆ ಹಾಕಿ, ಮೇಲೆ ಬಿಸಿ ಗಸಿ ಹೊಯ್ದರೆ ಮಾತು ನಿಲ್ಲುತ್ತದೆ. ಹಂದಿ ಶೇಂದಿಗಳ ಶೋಕ ಕೇಳಿ ಆ ಯೋಜನೆ ಅಕ್ಕನ ಕಣ್ಣಲ್ಲೇ ಕುಗ್ಗುತ್ತಿರುವುದು ನನಗೆ ಕಂಡಿತು. ಆದ್ದರಿಂದ ನಾನು ಮತ್ತೆ ಬಾಯಿ ತೆರೆದೆ. ತೆರೆಯಬಾರದಿತ್ತು.

"ಆಂಟಿ, ಯೇಸುಸ್ವಾಮಿ ಹಂದಿ ತಿಂದವರೇ ಅಲ್ಲ."

"ಎಂತ?"

"ಯೆಹೂದಿ ಅಲ್ವಾ? ಯೆಹೂದಿಗಳಿಗೆ ಹಂದಿ ನಿಷಿದ್ಧ. ಕೊನೆಯ ಊಟ ಮಾಡಿದ್ದು ಪಾಸ್ಖ ಹಬ್ಬದಲ್ಲಿ, ಈಜಿಪ್ಟಿನ ಗುಲಾಮಗಿರಿ ಬಿಟ್ಟು ಹೊರಟ ನೆನಪಿನ ಹಬ್ಬ ಅದು. ಆ ವಾರ ಹುಳಿ ಬಂದದ್ದು ಮನೆಯೊಳಗೇ ಇಡಬಾರದು. ಅಂದ್ರೆ ಶೇಂದಿ ಹಾಕಿ ಉಬ್ಬಿಸಿ ಇಡ್ಲಿಯ ಹಾಗೆ ಬೇಯಿಸಿದ ಸಾನ್ನಾಂ ಹೊಸಿಲು ದಾಟುವ ಹಾಗಿಲ್ಲ. ಲೆಕ್ಕ ಹಾಕಿದ್ರೆ ಮಂಗಳೂರಿನ ಈಸ್ಟರಿಗಿಂತ ಕುವೈತಿನ ಈಸ್ಟರೇ ಹೆಚ್ಚು ಶುದ್ಧ."

"ಹುಳಿಯಿಲ್ಲದ ರೊಟ್ಟಿ" ಎಂದರು ಅತ್ತೆ ಮೆಲ್ಲಗೆ. ಆ ಪದ ಅವರಿಗೆ ಪ್ರತಿ ವರ್ಷ ಇಗರ್ಜಿಯ ಬೈಬಲ್ ವಾಚನದಲ್ಲಿ ಕೇಳಿ ಗೊತ್ತು. ನಂತರ ನನ್ನ ಕಡೆ ತಿರುಗಿ, "ಹಾಗಾದ್ರೆ ನೀನೇ ಮಾಡು. ಅವರು ಮಾಡುವ ಹಾಗೆ. ಆದಿತ್ಯವಾರ ಬೆಳಿಗ್ಗೆ. ನೋಡುವ" ಎಂದರು.

"ಸೂಚನೆ ಮಂಡನೆಯಾಯ್ತು, ಅನುಮೋದಿಸ್ತೇನೆ" ಎಂದರು ಭಾವ. ಅಕ್ಕ ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದಳು. ನಾನು ಒಪ್ಪಿದೆ. ಸಾರ್ವಜನಿಕವಾಗಿ ಬಂದ ಸವಾಲನ್ನು ನಾನು ಬಿಟ್ಟವಳಲ್ಲ. ಅಡಿಗೆ ಬರುವುದಿಲ್ಲ ಎಂಬುದು ಆಗ ಮುಖ್ಯವೆನಿಸಲಿಲ್ಲ.

ಫೋನಿನಲ್ಲಿ ಹುಡುಕಿದೆ. ಪಾಸ್ಖ ವಾರದ ಬೆಳಗಿನ ತಿಂಡಿಗೆ ಎಷ್ಟೋ ಯೆಹೂದಿ ಮನೆಗಳಲ್ಲಿ ಮಾಡುವ ಮೊಟ್ಟೆಯ ತಿನಿಸೊಂದು ಸಿಕ್ಕಿತು. ಮಾಟ್ಸಾ ಬ್ರೈ ಎಂದು ಹೆಸರು. ಮಾಟ್ಸಾ ಎಂದರೆ ಆ ಹುಳಿಯಿಲ್ಲದ ಒಣರೊಟ್ಟಿಯೇ. ಅದನ್ನು ಚೂರು ಮಾಡಿ, ನೀರಿನಲ್ಲಿ ಅದ್ದಿ, ಒಡೆದ ಮೊಟ್ಟೆಗೆ ಹಾಕಿ, ಬೆಣ್ಣೆಯಲ್ಲಿ ಹುರಿಯಬೇಕು. ಹತ್ತು ನಿಮಿಷದ ಕೆಲಸ. ಏಳು ಗಂಟೆಗೆ ಕಂಪನಿಯ ವ್ಯಾನ್ ಹಿಡಿಯಬೇಕಾದವರ ಈಸ್ಟರಿಗೆ ಹೇಳಿ ಮಾಡಿಸಿದಂತಿತ್ತು. ಎರಡು ಸಾವಿರ ವರ್ಷದ ಹಿಂದೆ ಇದನ್ನು ತಿನ್ನುತ್ತಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಎದುರಾಳಿ ಎತ್ತದ ಪ್ರಶ್ನೆಯನ್ನು ನಾವು ಎತ್ತಬಾರದು.

ಶನಿವಾರ ಅಕ್ಕ ಗಸಿ ಮಾಡಿ, ತಣಿಸಿ, ಫ್ರಿಜ್ಜಿನಲ್ಲಿಟ್ಟಳು. ಗಸಿ ಮರುದಿನಕ್ಕೇ ರುಚಿ. ಸಂಜೆ ಅವರು ಮೂವರೂ ಹಬ್ಬದ ಪೂಜೆಗೆ ಇಗರ್ಜಿಗೆ ಹೋಗಿ ಬಂದರು.

ಆದಿತ್ಯವಾರ ಬೆಳಿಗ್ಗೆ ಐದೂವರೆಗೆ ನಾನು ಅಡಿಗೆಮನೆಯಲ್ಲಿದ್ದೆ. ಮೊಟ್ಟೆ ಇತ್ತು, ಬೆಣ್ಣೆ ಇತ್ತು. ಇಲ್ಲದ್ದು ಮಾಟ್ಸಾ. ಕುವೈತಿನ ಅಂಗಡಿಯಲ್ಲಿ ಯೆಹೂದಿಗಳ ಹಬ್ಬದ ರೊಟ್ಟಿ ಕೇಳುವಷ್ಟು ವಾದಪ್ರಿಯಳು ನಾನೂ ಅಲ್ಲ. ಅದರ ಬದಲಿಗೆ ಏನಾದರೂ ಸಿಗುತ್ತದೆ ಎಂದುಕೊಂಡು ಎರಡು ದಿನ ಸುಮ್ಮನಿದ್ದುಬಿಟ್ಟಿದ್ದೆ. ಮೇಜಿನ ಮೇಲೆ ಹಿಂದಿನ ದಿನದ ಖುಬ್ಬೂಸ್ ಇತ್ತು. ಅದು ಹುಳಿ ಬರಿಸಿ ಸುಟ್ಟ ರೊಟ್ಟಿ, ಮೊದಲ ಸುತ್ತಿನಲ್ಲೇ ಅನರ್ಹ. ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಓದಿದೆ. ಉಬ್ಬಿಸುವ ಪುಡಿ ಉಂಟು, ಅದೂ ಅನರ್ಹ. ಆಗ ಮೇಲಿನ ಕಪಾಟು ತೆರೆದೆ.

ಕೋರಿ ರೊಟ್ಟಿ.

ವ್ಯಾಖ್ಯೆಯಿಂದ ಶುರುಮಾಡಿದೆ. ಮಾಟ್ಸಾ ಎಂದರೇನು? ಹಿಟ್ಟು ಮತ್ತು ನೀರು, ಹುಳಿ ಇಲ್ಲ, ಚಪ್ಪಟೆ, ಒಣ, ಮುರಿದರೆ ಟಪ್ ಎನ್ನಬೇಕು. ಕೋರಿ ರೊಟ್ಟಿ ಎಂದರೇನು? ಅದೇ ಐದು. ಒಂದು ಹಾಳೆ ಮುರಿದೆ, ಟಪ್ ಎಂದಿತು. ಮೂರು ಸಾವಿರ ವರ್ಷ ಅವರು ಒಂದು ಕಡೆ, ನಾವು ಒಂದು ಕಡೆ ಒಂದೇ ವಸ್ತುವನ್ನು ಮಾಡಿಕೊಂಡು ಬಂದಿದ್ದೇವೆ, ಯಾರೂ ಗಮನಿಸಿಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಅದು ಸಂಜೆಯ ಗಸಿಗೆ ಇಟ್ಟದ್ದು ಎಂದು ಗೊತ್ತಿತ್ತು. ಹಿಂದೆ ಇನ್ನೊಂದು ಪ್ಯಾಕೆಟ್ ಇದೆ ಎಂದೂ ಗೊತ್ತಿತ್ತು. ಈ ಎರಡನೆಯ ವಿಷಯದಲ್ಲಿ ನಾನು ಪುರಾವೆ ಪರಿಶೀಲಿಸಬೇಕಿತ್ತು.

ಚೂರು ಮಾಡಿ ನೀರಿಗೆ ಹಾಕಿದೆ. ಒಂದು ನಿಮಿಷ ಎಂದಿತ್ತು ಫೋನು. ಒಂದು ನಿಮಿಷದಲ್ಲಿ ಅಂಚು ಕರಗಿತು, ನಡು ಹಾಗೇ ಇತ್ತು. ಎರಡು ನಿಮಿಷಕ್ಕೆ ಅಂಚು ಗಂಜಿಯಾಗಿ, ನಡು ಒದ್ದೆ ಪ್ಲಾಸ್ಟಿಕ್ ಆಯಿತು. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಬೆರಳಿಗೂ ಅಂಟಿದವು. ಎಂಟು ಮೊಟ್ಟೆ ಒಡೆದು ಸುರಿದೆ. ಮೊಟ್ಟೆ ಒಳಗೆ ಹೋಗಲು ಒಪ್ಪದೆ ಸುತ್ತ ನಿಂತಿತು. ಬಾಣಲೆಗೆ ಹಾಕಿದಾಗ ಬೆಣ್ಣೆಯ ಪರಿಮಳ ಚೆನ್ನಾಗಿಯೇ ಬಂತು. ಆ ಬೆಳಿಗ್ಗೆ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಅದೊಂದೇ. ಉಳಿದದ್ದು ಮಗುಚಿದರೆ ಇಡಿಯಾಗಿ ಬರುತ್ತಿತ್ತು, ಒತ್ತಿದರೆ ಮೇಲೆ ಪುಟಿಯುತ್ತಿತ್ತು.

ಆರೂಕಾಲಿಗೆ ಅತ್ತೆ ಬಂದರು: ಹೊಸ ರೇಷ್ಮೆ ಸೀರೆ, ಮುಡಿಗೆ ಪ್ಲಾಸ್ಟಿಕ್ ಮಲ್ಲಿಗೆ, ಕೈಯಲ್ಲಿ ಬಾಟಲಿ. ಹಿಂದೆ ಭಾವ ಆಫೀಸಿನ ಅಂಗಿಯಲ್ಲಿ. ಕೊನೆಗೆ ಅಕ್ಕ. ಅವಳು ಬಾಣಲೆ ನೋಡಲಿಲ್ಲ. ಕಸದ ಡಬ್ಬಿಯ ಮೇಲೆ ಬಿದ್ದಿದ್ದ ಖಾಲಿ ಪ್ಯಾಕೆಟನ್ನು ನೋಡಿದಳು.

"ಇದು ಕೋರಿ ರೊಟ್ಟಿದ್ದಲ್ವಾ?"

"ಹೌದು. ಇನ್ನೊಂದು ಉಂಟಲ್ಲ."

"ಅದು ಹಪ್ಪಳ."

ನಾನು ಕಪಾಟು ತೆರೆದು ನೋಡಿದೆ. ಹಪ್ಪಳ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಕುರ್ಚಿ ಎಳೆದು ಕೂತು, ಎರಡೂ ಕೈ ಮೇಜಿನ ಮೇಲಿಟ್ಟಳು. ನಾನು ಎಲ್ಲರ ತಟ್ಟೆಗೂ ಬಡಿಸಿ, ಅದರ ಇತಿಹಾಸ ಹೇಳತೊಡಗಿದೆ. ಅತ್ತೆ ಶಿಲುಬೆಯ ಗುರುತು ಮಾಡಿ, ಒಂದು ತುಂಡು ಬಾಯಿಗಿಟ್ಟರು. ನಾನು ವಿಮೋಚನೆಯ ಕಥೆ ಹೇಳುತ್ತಿದ್ದೆ, ಅವರು ಅಗಿಯುತ್ತಿದ್ದರು. ಹಿಟ್ಟು ಹುಳಿ ಬರುವಷ್ಟೂ ಕಾಯದೆ ಐಗುಪ್ತ ಬಿಟ್ಟು ಅವಸರದಲ್ಲಿ ಹೊರಟರು ಎಂದೆ, ಅಗಿಯುತ್ತಿದ್ದರು. ಸಮುದ್ರ ಇಬ್ಭಾಗವಾದ ಮೇಲೂ ಅಗಿಯುತ್ತಿದ್ದರು. ಕಡೆಗೆ ನೀರು ಕುಡಿದು ನುಂಗಿದರು.

"ಜೆಜು ಮರಿ ಜುಜೆ! ಇದನ್ನು ತಿಂದು ನಲ್ವತ್ತು ವರ್ಷ ಮರುಭೂಮಿಯಲ್ಲಿ ನಡೆದರಾ? ಪಾಪ."

ಭಾವ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ತುಂಡನ್ನು ಎಳೆಯುತ್ತಿದ್ದರು. "ಲಾಯರಮ್ಮ, ಮಾಟ್ಸಾ ಗೋಧಿಯಂಥ ಐದು ಧಾನ್ಯದಲ್ಲಿ ಮಾತ್ರ ಮಾಡಬೇಕಂತೆ. ಮತ್ತೆ ಇಲ್ಲಿ ಕೇಳು: ಯೆಹೂದಿಗಳಲ್ಲಿ ತುಂಬ ಜನ ಪಾಸ್ಖದಲ್ಲಿ ಅಕ್ಕಿಯನ್ನೇ ತಿನ್ನುದಿಲ್ಲವಂತೆ."

"ತುಂಬ ಜನ ಅಂದ್ರೆ ಎಲ್ಲರೂ ಅಲ್ಲ" ಎಂದೆ. ಸೋತವರ ವಾದ, ನನಗೇ ಕೇಳಿಸಿತು.

"ಮಾಂಯ್, ಪುಡಿ ಹಾಕಿ ನೋಡ್ತೀರಾ?" ಭಾವ ಬಾಟಲಿಯನ್ನು ತಾಯಿಯ ಕಡೆ ಸರಿಸಿದರು.

ಅತ್ತೆ ಮುಚ್ಚಳದ ಮೇಲೆ ಅಂಗೈ ಇಟ್ಟರು. "ಇದಕ್ಕಾ? ಬೇಡ ಪುತಾ. ಪುಡಿಗೂ ಒಂದು ಮರ್ಯಾದೆ ಉಂಟು."

ಬಾಟಲಿ ತೆರೆಯದ ಮೊದಲ ಊಟ ಅದು. ಅಕ್ಕ ಎರಡು ವಾರದಿಂದ ಬೇಡಿಕೊಂಡದ್ದು ಕೊನೆಗೂ ನಡೆಯಿತು, ನನ್ನ ಅಡಿಗೆಗೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಅದೆಲ್ಲ ಇತ್ತು. ಎದ್ದು ಫ್ರಿಜ್ಜು ತೆರೆದು, ಗಸಿಯ ಪಾತ್ರೆ ತೆಗೆದು, ಒಲೆಯ ಮೇಲಿಟ್ಟಳು.

"ಅದು ಸಂಜೆಗಲ್ವಾ?" ಎಂದರು ಭಾವ.

"ಸಂಜೆಗೆ ಎಂತದರಲ್ಲಿ ತಿನ್ನುದು? ಹಪ್ಪಳದಲ್ಲಾ?" ಎಂದಳು. ಆ ಧ್ವನಿ ನನಗೆ ಚಿಕ್ಕಂದಿನಿಂದ ಪರಿಚಯ. ಅದರ ಹಿಂದೆಯೇ ಅಳು ಬರುತ್ತದೆ. "ಮಾಂಯ್, ರೊಟ್ಟಿಯನ್ನು ಇವಳು ನೀರಿಗೆ ಹಾಕಿದ್ಳು. ಖುಬ್ಬೂಸಲ್ಲಿ ತಿನ್ನಿ. ಹಬ್ಬದ ದಿನ, ಸಾರಿ."

ಗಸಿ ಕುದಿ ಬಂದಾಗ ತೆಂಗಿನಕಾಯಿ, ಒಣಮೆಣಸು, ಬೆಳ್ಳುಳ್ಳಿ ಎಲ್ಲ ಒಟ್ಟಾಗಿ ಕೋಣೆ ತುಂಬಿತು. ಅತ್ತೆಯ ಬೆನ್ನು ನೆಟ್ಟಗಾಯಿತು. ನಲ್ವತ್ತು ದಿನ ಸಣ್ಣ ಅವಧಿಯಲ್ಲ. ಖುಬ್ಬೂಸ್ ಹರಿದು, ಗಸಿಯಲ್ಲಿ ಅದ್ದಿ, ಬಾಯಿಗಿಟ್ಟರು. ನಂತರ, ಎಂದಿನಂತೆ, ಗೋಡೆ ನೋಡಿದರು. ನಾವು ಮೂವರೂ ಬಾಟಲಿ ನೋಡಿದೆವು.

ಕೈ ಬಾಟಲಿಯ ಕಡೆ ಹೋಯಿತು. ಅಕ್ಕ ಕಣ್ಣು ಮುಚ್ಚಿದಳು. ಅತ್ತೆ ಬಾಟಲಿಯನ್ನು ಎತ್ತಿ, ಬದಿಗೆ, ಗೋಡೆಯ ಹತ್ತಿರ ಇಟ್ಟರು. ಪಾತ್ರೆಗೂ ಅವರ ತಟ್ಟೆಗೂ ನಡುವೆ ಅದು ಅಡ್ಡವಾಗಿತ್ತು.

"ಇನ್ನು ಸ್ವಲ್ಪ ರಸ ಹಾಕು ಬಾಯೆ. ಕಾಲಿನ ತುಂಡು ಉಂಟಾ?"

ಅಕ್ಕ ಎರಡು ಕಾಲಿನ ತುಂಡು ಹಾಕಿದಳು. ಅತ್ತೆ ಎರಡನ್ನೂ ಮುಗಿಸಿ, ಎಲುಬನ್ನೂ ಬಿಡಲಿಲ್ಲ. "ಈಗ ಸರಿ" ಎಂಬ ಮಾತು ಬರಲಿಲ್ಲ. ಸರಿಮಾಡುವುದಕ್ಕೆ ಏನೂ ಇರಲಿಲ್ಲ.

ಪಾತ್ರೆ ತೆಗೆಯುವ ನೆಪದಲ್ಲಿ ನಾನು ಅಕ್ಕನ ಹಿಂದೆ ಅಡಿಗೆಮನೆಗೆ ಹೋದೆ. "ಇದಕ್ಕೆ ಮೂರು ಕಾರಣ ಇರಬಹುದು" ಎಂದೆ. "ಒಂದು, ನಿನ್ನ ಗಸಿ ನಿಜವಾಗಿ ಚೆನ್ನಾಗಿತ್ತು. ಎರಡು, ನಲ್ವತ್ತು ದಿನದ ಹಸಿವು. ಮೂರು, ನನ್ನದನ್ನು ತಿಂದ ಮೇಲೆ ಏನು ತಿಂದರೂ ಚೆನ್ನಾಗಿಯೇ ಇರ್ತದೆ. ಮೂರನೆಯದು ಹೆಚ್ಚು ಸಂಭವ, ಹಾಗಾಗಿ ಒಂದು ರೀತಿಯಲ್ಲಿ ನಾನೇ..."

"ಬಾಯಿ ಮುಚ್ಚು" ಎಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು, ನಗುತ್ತಿದ್ದಳು. "ತಿಂದ್ರು. ಎರಡು ಕಾಲು ತಿಂದ್ರು. ಖಲಾಸ್."

ಕೆಳಗೆ ಮೊಬೈಲ್ ಅಂಗಡಿಯ ಮುಂದೆ ವ್ಯಾನಿನ ಹಾರ್ನ್ ಕೂಗಿತು. ನನ್ನ ಜೀವನದಲ್ಲಿ ಎರಡನೇ ಗಂಟೆಯ ಸ್ಥಾನವನ್ನು ಈಗ ಅದೇ ತುಂಬಿದೆ. ನಾನು ಐಡಿ ಕಾರ್ಡ್ ಹುಡುಕಿ, ಬೂಟು ಹಾಕುವಷ್ಟರಲ್ಲಿ ಅತ್ತೆ ಒಲೆಯ ಹತ್ತಿರ ಏನೋ ಮಾಡಿ, ಒಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟರು. ಬಿಸಿಯಾಗಿತ್ತು.

"ನೀನು ಮಾಡಿದ್ದು ನೀನೇ ತಿನ್ನಬೇಕು. ಎಂಟು ಮೊಟ್ಟೆ! ಹಾಳು ಮಾಡ್ಲಿಕ್ಕಿಲ್ಲ."

ಮಧ್ಯಾಹ್ನ ಶುವೈಖಿನ ಆಫೀಸಿನಲ್ಲಿ, ಬ್ರೇಕ್ ಪ್ಯಾಡ್ ಪಟ್ಟಿಗಳ ನಡುವೆ ಜಾಗ ಮಾಡಿ ಡಬ್ಬಿ ತೆರೆದೆ. ಬೆಳಗಿನ ಆ ದಪ್ಪ ಮುದ್ದೆ ಇರಲಿಲ್ಲ. ಸಣ್ಣ ಸಣ್ಣ ಚೌಕವಾಗಿ ಕತ್ತರಿಸಿ, ಎಣ್ಣೆಯಲ್ಲಿ ಇನ್ನೊಮ್ಮೆ ಗರಿಗರಿ ಹುರಿದಿದ್ದರು. ಮೇಲೆ ಕೆಂಪು. ಎಲ್ಲ ಚೂರಿನ ಮೇಲೂ, ಎಲ್ಲ ಬದಿಗೂ, ಕೆಂಪು. ಪಕ್ಕದ ಮೇಜಿನ ಈಜಿಪ್ಟಿನ ಸಹೋದ್ಯೋಗಿ ವಾಸನೆ ಹಿಡಿದು ಕುರ್ಚಿ ಸಮೇತ ಉರುಳಿಕೊಂಡು ಬಂದು ಇದೇನೆಂದು ಕೇಳಿದ. ಐಗುಪ್ತ ಬಿಟ್ಟು ಹೊರಟವರ ಕಥೆಯನ್ನು ಅವನಿಗೆ ಹೇಳುವುದು ಸರಿಯಲ್ಲವೆನಿಸಿ ಆಮ್ಲೆಟ್ ಎಂದೆ. ಒಂದು ಚೂರು ತಿಂದ. ಕೇಳದೆ ಇನ್ನೂ ಏಳೆಂಟು ತಿಂದ. ನಾನು ಡಬ್ಬಿಯನ್ನು ನನ್ನ ಕಡೆ ಎಳೆದುಕೊಳ್ಳಬೇಕಾಯಿತು. ಎಳೆದುಕೊಂಡಾಗಲೇ ನನಗೂ ಪರಿಸ್ಥಿತಿ ಅರ್ಥವಾದದ್ದು: ಒಂದೇ ತಿನಿಸು, ಬೆಳಿಗ್ಗೆ ಪುಡಿ ಇಲ್ಲದೆ, ಮಧ್ಯಾಹ್ನ ಪುಡಿ ಹಾಕಿ. ನಾನೇ ಕೇಳಿದ್ದ ಪರೀಕ್ಷೆ. ಎರಡನೇ ಸಲ ಹುರಿದದ್ದರಿಂದ ರುಚಿ ಬಂದಿರಬಹುದು ಎಂದು ಸ್ವಲ್ಪ ಹೊತ್ತು ನನ್ನೊಳಗೇ ವಾದಿಸಿದೆ. ತಳದಲ್ಲಿ ಉಳಿದ ಪುಡಿಯನ್ನು ಬೆರಳಿನಿಂದ ಒರೆಸಿ ನೆಕ್ಕುತ್ತಾ ಆ ವಾದವನ್ನು ಹೆಚ್ಚು ಹೊತ್ತು ನಡೆಸಲಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು. "ತಿಂದಿಯಾ?"

"ತಿಂದೆ."

"ಹೇಗಿತ್ತು?"

"ಪರವಾಗಿಲ್ಲ. ವ್ಯತ್ಯಾಸ ಎಂತ ಗೊತ್ತಾಗ್ಲಿಲ್ಲ."

ಅಕ್ಕ ನನ್ನ ಚೀಲದಿಂದ ಡಬ್ಬಿ ತೆಗೆದು, ತೆರೆದು, ಒಳಗೆ ನೋಡಿದಳು. ಅದು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅವಳು ಅದನ್ನು ಅತ್ತೆಯ ಕಡೆ ತಿರುಗಿಸಿ ಹಿಡಿದಳು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಅವರಿಬ್ಬರು ಒಂದು ಪಕ್ಷವಾದದ್ದು ನಾನು ನೋಡಿದ್ದು ಅದೇ ಮೊದಲು.

ರಾತ್ರಿಯೂಟಕ್ಕೆ ಅಕ್ಕ ಬರೀ ದಾಲು, ಅನ್ನ, ಬೆಳಗಿನ ಹಪ್ಪಳ ಮಾಡಿದ್ದಳು. ಬಾಟಲಿ ಗೋಡೆಯ ಹತ್ತಿರ, ಬೆಳಿಗ್ಗೆ ಇಟ್ಟಲ್ಲೇ ಇತ್ತು. ನಾನು ಒಂದು ತುತ್ತು ತಿಂದೆ. ಎರಡು ಕ್ಷಣ ಗೋಡೆ ನೋಡಿದೆ. ಕೈ ಚಾಚಿ ಬಾಟಲಿ ತೆಗೆದುಕೊಂಡೆ. ಮೂವರೂ ಊಟ ನಿಲ್ಲಿಸಿದರು.

"ಪ್ರಯೋಗಕ್ಕೆ" ಎಂದೆ. ಚಿಟಿಕೆ ಉದುರಿಸಿ, ಕಲಸಿ, ತಿಂದೆ.

ಅತ್ತೆ ತಮ್ಮ ತಟ್ಟೆಯ ದಾಲನ್ನು ಹಾಗೆಯೇ ಅನ್ನಕ್ಕೆ ಕಲಸಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಹಾಂ, ಈಗ ಸರಿ."